ಬೆಂಗಳೂರಲ್ಲಿ ಹುಟ್ಟಿ ಕೋಲ್ಕತ್ತಾದಲ್ಲಿ ಗಿಟಾರ್ ಮಾಸ್ತರಾದ ಕಾರ್ಲ್ಟನ್ ಕಿಟ್ಟೊ: ಯಾರಿವರು, ಏನು ಬಿಟ್ಟು ಹೋದರು?

ಯರಗೇರಾ: ನಮ್ಮ ಕಡೆ ಗಿಟಾರ್ ಅಂದ್ರೆ ಕಣ್ಣ ಮುಂದೆ ಬರೋದು ಎರಡೇ. ಒಂದು, ಸಿನಿಮಾದಲ್ಲಿ ಹೀರೊ ಹೆಗಲಿಗೆ ಹಾಕಿಕೊಂಡು ಹಾಡೋ ಗಿಟಾರ್. ಇನ್ನೊಂದು, ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಪಕ್ಕ ನಿಂತವರ ಕೈಯಲ್ಲಿರೋ ಗಿಟಾರ್. ಇದೇ ವಾದ್ಯ ಹಿಡಿದು ಇಡೀ ಜೀವನ ಒಂದೇ ಬಗೆಯ ಸಂಗೀತಕ್ಕೆ ಮೀಸಲಿಟ್ಟು, ಅದನ್ನ ಕೇಳೋ ಮಂದಿ ಕಡಿಮೆ ಆದಾಗಲೂ ಬಿಡದೆ, ಹುಡುಗರನ್ನ ಕೂಡಿಸಿಕೊಂಡು ಕಲಿಸುತ್ತಾ ಹೋದ ಕಲಾವಿದರೊಬ್ಬರು ಕರ್ನಾಟಕದಲ್ಲೇ ಹುಟ್ಟಿದವರು. ಹೆಸರು ಕಾರ್ಲ್ಟನ್ ಕಿಟ್ಟೊ.

1942ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಕಿಟ್ಟೊ ತೀರಿಕೊಂಡದ್ದು 2016ರ ನವೆಂಬರ್ 28ರಂದು, ಕೋಲ್ಕತ್ತಾದಲ್ಲಿ. ಅಲ್ಲಿನ ಸಂಗೀತದ ಮಂದಿಗೆ ಅವರು ದೊಡ್ಡ ಹೆಸರು. ಹುಟ್ಟಿದ ರಾಜ್ಯದಲ್ಲಿ ಮಾತ್ರ ಅವರನ್ನ ಬಲ್ಲವರು ಕಡಿಮೆ, ರಾಯಚೂರು, ದೇವದುರ್ಗ, ಮಾನ್ವಿ ಕಡೆಯಂತೂ ಹೆಸರು ಕೇಳಿದವರು ಸಿಗೋದೇ ಕಷ್ಟ. ಅವರು ನುಡಿಸುತ್ತಿದ್ದ ಸಂಗೀತದ ಹೆಸರು ಜಾಝ್. ಅದರೊಳಗೂ ‘ಬೀಬಾಪ್’ ಅನ್ನೋ ಬಹಳ ಬಿರುಸಾದ, ಕಲಿಯೋಕೆ ಕಷ್ಟವಾದ ಒಂದು ಶಾಖೆ.

ಅವರ ಕೆಲಸ ಏನಂತ ತಿಳೀಬೇಕಾದ್ರೆ ಮೊದಲು ಜಾಝ್ ಅಂದ್ರೆ ಏನು ಅನ್ನೋದು ಗೊತ್ತಾಗಬೇಕು. ಅಲ್ಲಿಂದಲೇ ಶುರು ಮಾಡೋಣ.

ಜಾಝ್ ಅಂದ್ರೆ ಏನು?

ಅಮೆರಿಕದ ದಕ್ಷಿಣ ಭಾಗದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ ಇದು. ಹೊಲದಲ್ಲಿ ದುಡಿಯುವಾಗಿನ ಹಾಡು, ಚರ್ಚಿನ ಹಾಡು, ದುಃಖದ ಪದಗಳಾದ ಬ್ಲೂಸ್, ಮೆರವಣಿಗೆಯ ಬ್ಯಾಂಡ್ ಎಲ್ಲಾ ಸೇರಿ 1900ರ ಆಸುಪಾಸಿನಲ್ಲಿ ನ್ಯೂ ಆರ್ಲಿಯನ್ಸ್ ಅನ್ನೋ ಬಂದರು ಊರಲ್ಲಿ ಒಂದು ರೂಪಕ್ಕೆ ಬಂತು.

ಅದರ ಚೌಕಟ್ಟು ನಮ್ಮವರಿಗೆ ಪೂರ್ತಿ ಹೊಸದಲ್ಲ. ಮೊದಲು ಎಲ್ಲರೂ ಕೂಡಿ ಒಂದು ಹಾಡಿನ ಧಾಟಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಮುಂದೆ ಬಂದು ಆ ಧಾಟಿಯನ್ನ ತಮಗೆ ತೋಚಿದಂಗೆ ಬೆಳೆಸುತ್ತಾರೆ. ಬರೆದಿಟ್ಟುಕೊಂಡದ್ದಲ್ಲ, ಆ ಕ್ಷಣಕ್ಕೆ ಹುಟ್ಟಿದ್ದು. ಕೊನೆಗೆ ಮತ್ತೆ ಎಲ್ಲರೂ ಕೂಡಿ ಧಾಟಿಗೆ ಬರುತ್ತಾರೆ. ಹಿಂದೂಸ್ತಾನಿಯಲ್ಲಿ ಚೀಜು ಹಾಡಿ, ಆಲಾಪ, ತಾನು ಬೆಳೆಸಿ ಮತ್ತೆ ಸಮ್ಮಿಗೆ ಬಂದು ಚೀಜಿನ ಮುಖ ಹಿಡಿಯೋದನ್ನ ಕೇಳಿದವರಿಗೆ ಇದು ಅರ್ಥ ಆಗುತ್ತೆ. ಮೊಹರಂನಲ್ಲಿ ರಿವಾಯತ್ ಪದ ಹಾಡುವಾಗ ಒಂದು ಮೇಳ ಎಸೆದ ಸವಾಲಿಗೆ ಇನ್ನೊಂದು ಮೇಳ ನಿಂತ ಜಾಗದಲ್ಲೇ ಜವಾಬು ಕಟ್ಟೋದಿದೆಯಲ್ಲ, ಆ ಹುರುಪೂ ಇದರಲ್ಲಿದೆ.

ಒಂದು ದೊಡ್ಡ ವ್ಯತ್ಯಾಸ ಅಂದ್ರೆ ನಮ್ಮಲ್ಲಿ ಶ್ರುತಿ ಒಂದೇ ಇರುತ್ತೆ, ತಂಬೂರಿ ಮೊದಲಿನಿಂದ ಕೊನೆ ತನಕ ಅದನ್ನೇ ಮಿಡೀತದೆ. ಜಾಝ್‌ನಲ್ಲಿ ಹಾಡಿನ ತಳದಲ್ಲಿ ‘ಕಾರ್ಡ್’ಗಳು ಬದಲಾಗ್ತಾ ಹೋಗುತ್ತವೆ. ಕಾರ್ಡ್ ಅಂದ್ರೆ ಮೂರು ನಾಲ್ಕು ಸ್ವರಗಳನ್ನ ಒಟ್ಟಿಗೆ ನುಡಿಸೋದು.

ಮನೆಯಲ್ಲಿ, ಭಜನಾ ಮಂದಿರದಲ್ಲಿ ಪೇಟಿ ಇದ್ದವರು ಇದನ್ನ ಕೈಯಾರೆ ನೋಡಬಹುದು. ಬಿಳಿ ಒಂದನ್ನ ಷಡ್ಜ ಮಾಡಿಕೊಳ್ಳಿ, ಬಿಲಾವಲ್ ಥಾಟಿನ ಸ್ವರ ಎಲ್ಲಾ ಬಿಳಿಯಲ್ಲೇ ಸಿಗುತ್ತವೆ. ಮೊದಲು ರಿ, ಮ, ಧ, ಮೇಲಿನ ಸ ಈ ನಾಲ್ಕನ್ನೂ ಒಟ್ಟಿಗೆ ಒತ್ತಿ. ಆಮೇಲೆ ಪ, ನಿ, ಮೇಲಿನ ರಿ, ಮೇಲಿನ ಮ. ಕೊನೆಗೆ ಸ, ಗ, ಪ, ನಿ. ಮೂರನ್ನೂ ಒಂದಾದ ಮೇಲೊಂದು ನುಡಿಸಿದರೆ, ಊರು ಬಿಟ್ಟು ಹೊರಟು, ದಾರಿ ಸವೆಸಿ, ಮನೆಗೆ ಬಂದಂಗೆ ಕೇಳ್ತದೆ. ಜಾಝ್ ಹಾಡುಗಳಲ್ಲಿ ಈ ಮೂರರ ಸರಪಳಿ ಮತ್ತೆ ಮತ್ತೆ ಬರುತ್ತದೆ, ಬೇರೆ ಬೇರೆ ಷಡ್ಜ ಹಿಡಿದು. ಅಂದ್ರೆ ಒಂದೇ ಹಾಡಿನೊಳಗೆ ‘ಮನೆ’ಯೇ ನಾಲ್ಕಾರು ಸಲ ಬದಲಾಗಬಹುದು. ನುಡಿಸುವವರು ಓಡ್ತಾ ಓಡ್ತಾನೇ ಅದಕ್ಕೆ ಹೊಂದುವ ಸ್ವರ ಆರಿಸಬೇಕು.

ಸಾಮಾನ್ಯವಾಗಿ ಒಂದು ಜಾಝ್ ಹಾಡಿನ ಆವರ್ತ 32 ಅಳತೆಯದ್ದು, ಒಂದೊಂದು ಅಳತೆಗೆ ನಾಲ್ಕು ಮಾತ್ರೆ. ಒಟ್ಟು 128 ಮಾತ್ರೆ. ಬೀಬಾಪ್ ವೇಗದಲ್ಲಿ, ನಿಮಿಷಕ್ಕೆ 200 ಮಾತ್ರೆ ಅಂತ ಹಿಡಿದರೂ ಇಡೀ ಆವರ್ತ 40 ಸೆಕೆಂಡಿನೊಳಗೆ ಮುಗೀತದೆ. ಅಷ್ಟರಲ್ಲಿ ಕಾರ್ಡ್ ಮೂವತ್ತು ಸಲ ಬದಲಾದರೂ ಆಶ್ಚರ್ಯ ಇಲ್ಲ. ಕಿಟ್ಟೊ ಹಿಡಿದ ಹಾದಿ ಇದು.

ಗಿಟಾರಿಗೆ ದನಿ ಬಂದದ್ದು

ಜಾಝ್‌ನಲ್ಲಿ ಗಿಟಾರ್ ಬಹಳ ದಿನ ಹಿಂದಿನ ಸಾಲಲ್ಲೇ ಇತ್ತು. ಕಾರಣ ಸರಳ: ಟ್ರಂಪೆಟ್, ಸ್ಯಾಕ್ಸೊಫೋನ್, ಡ್ರಮ್ ನಡುವೆ ಮರದ ಪೆಟ್ಟಿಗೆಯ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. ತಾಳಕ್ಕೆ ಸರಿಯಾಗಿ ತಂತಿ ಮೀಟೋದೊಂದೇ ಅದರ ಕೆಲಸ.

1936ರಲ್ಲಿ ಗಿಬ್ಸನ್ ಕಂಪನಿ ಕರೆಂಟಿನ ಗಿಟಾರ್ ಒಂದನ್ನ ಮಾರುಕಟ್ಟೆಗೆ ಬಿಟ್ಟಿತು. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ, ಅದಕ್ಕೆ ತಾಮ್ರದ ತಂತಿಯ ಸುರುಳಿ. ಮೇಲಿನ ತಂತಿ ಅಲುಗಿದರೆ ಸುರುಳಿಯಲ್ಲಿ ಸಣ್ಣ ಕರೆಂಟ್ ಹುಟ್ಟುತ್ತೆ, ಅದು ಆಂಪ್ಲಿಫೈಯರ್‌ಗೆ ಹೋಗಿ ದೊಡ್ಡ ದನಿಯಾಗುತ್ತೆ. ಮೋಟಾರ್ ರಿವೈಂಡಿಂಗ್ ಮಾಡೋರಿಗೆ, ಸೈಕಲ್ ಡೈನಮೋ ಬಿಚ್ಚಿ ನೋಡಿದವರಿಗೆ ಇದನ್ನ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಈ ಗಿಟಾರನ್ನ ಹಿಡಿದು ಜಗತ್ತಿನ ಕಿವಿ ತಿರುಗಿಸಿದವರು ಚಾರ್ಲಿ ಕ್ರಿಶ್ಚಿಯನ್ ಅನ್ನೋ ಕಪ್ಪು ಯುವಕ. 1916ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿ ಒಕ್ಲಹೋಮಾದಲ್ಲಿ ಬೆಳೆದವರು. 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ಪ್ರಸಿದ್ಧ ತಂಡ ಸೇರಿದರು. ಗಿಟಾರಿನಲ್ಲಿ ಸ್ಯಾಕ್ಸೊಫೋನ್ ಥರ ಉದ್ದುದ್ದ ಸಾಲು ನುಡಿಸಿದರು. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿದ್ದ ಮಿಂಟನ್ಸ್ ಅನ್ನೋ ಸಣ್ಣ ಜಾಗದಲ್ಲಿ ನಡುರಾತ್ರಿ ದಾಟಿದ ಮೇಲೆ ವಾದ್ಯಗಾರರು ತಮ್ಮ ಖುಷಿಗೆ ಕೂಡಿ ನುಡಿಸುತ್ತಿದ್ದರು, ಅಲ್ಲೂ ಕ್ರಿಶ್ಚಿಯನ್ ಇರುತ್ತಿದ್ದರು. ಬೀಬಾಪ್ ಮೊಳಕೆ ಒಡೆದ ಜಾಗಗಳಲ್ಲಿ ಅದೂ ಒಂದು. ಥೆಲೋನಿಯಸ್ ಮಂಕ್, ಡಿಜ್ಜಿ ಗಿಲೆಸ್ಪಿ, ಚಾರ್ಲಿ ಪಾರ್ಕರ್ ಈ ಶಾಖೆಯನ್ನ ಬೆಳೆಸಿದರು.

ಕ್ರಿಶ್ಚಿಯನ್ ಕ್ಷಯರೋಗದಿಂದ 1942ರ ಮಾರ್ಚ್‌ನಲ್ಲಿ ತೀರಿಕೊಂಡರು. ವಯಸ್ಸು ಬರೀ 25. ಅದೇ ವರ್ಷ ಬೆಂಗಳೂರಲ್ಲಿ ಹುಟ್ಟಿದ ಕೂಸು ಮುಂದೆ ಅವರ ರೆಕಾರ್ಡುಗಳನ್ನೇ ಗುರು ಮಾಡಿಕೊಂಡಿತು.

ರೆಕಾರ್ಡೇ ಮಾಸ್ತರು

ಬೆಂಗಳೂರಿಗೆ ಈ ಸಂಗೀತ ಬಂದದ್ದು ಹೆಂಗೆ? ಆಗಿನ ಬೆಂಗಳೂರು ಎರಡು ಊರಿದ್ದಂಗೆ. ಒಂದು ಪೇಟೆ, ಇನ್ನೊಂದು ದಂಡು ಅಂದ್ರೆ ಕಂಟೋನ್ಮೆಂಟ್. ದಂಡಿನಲ್ಲಿ ಬ್ರಿಟಿಷ್ ಸೈನ್ಯ, ಆಂಗ್ಲೋ ಇಂಡಿಯನ್ ಕುಟುಂಬಗಳು, ಚರ್ಚು, ಕ್ಲಬ್ಬು, ಶನಿವಾರದ ಡಾನ್ಸು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದವರೂ ಬಂದರು. 1940ರಲ್ಲಿ ಶುರುವಾಗಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನ 1943ರಲ್ಲಿ ಅಮೆರಿಕದ ವಾಯುಪಡೆ ವಿಮಾನ ರಿಪೇರಿಗೆ ವಹಿಸಿಕೊಂಡಿತ್ತು. ಸಿಪಾಯಿಗಳು ಹೋದಲ್ಲೆಲ್ಲಾ ಗ್ರಾಮೊಫೋನ್ ಪ್ಲೇಟು, ರೇಡಿಯೋ ಹಾಡು ಜೊತೆಗೇ ಹೋಗುತ್ತಿದ್ದವು.

ಇಲ್ಲಿ ರಾಯಚೂರಿನ ಮಾತೂ ಒಂದಿದೆ. ಬಾಂಬೆ ಕಡೆಯಿಂದ ಬಂದ ಜಿಐಪಿ ರೈಲು, ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲು 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಲ್ಲೇ. ಬಾಂಬೆಯ ತಾಜ್ ಹೋಟೆಲಿನಲ್ಲಿ 1930ರ ದಶಕದಲ್ಲೇ ಲಿಯಾನ್ ಆಬಿ ಅವರಂಥ ಅಮೆರಿಕದ ಕಪ್ಪು ಕಲಾವಿದರ ಜಾಝ್ ತಂಡ ನುಡಿಸುತ್ತಿತ್ತು. ಬಾಂಬೆಗೂ ಮದ್ರಾಸಿಗೂ ನಡುವೆ ರೈಲಲ್ಲಿ ಓಡಾಡಿದ ವಾದ್ಯಗಾರರು ಕಿಟಕಿಯಿಂದ ನಮ್ಮ ಸ್ಟೇಷನ್ ನೋಡಿಯೇ ಮುಂದೆ ಹೋಗಿರಬೇಕು. ಸಂಗೀತ ಮಾತ್ರ ಇಲ್ಲಿ ಇಳಿಯಲಿಲ್ಲ.

ಕಿಟ್ಟೊ ಜಾಝ್ ಗಿಟಾರ್ ಕಲಿತದ್ದು ಸ್ವಂತವಾಗಿ, ಕೇಳಿ ಕೇಳಿ. ಅವರು ಬೆಳೆಯುವ ಹೊತ್ತಿಗೆ ಭಾರತದಲ್ಲಿ ಬೀಬಾಪ್ ಗಿಟಾರ್ ಹೇಳಿಕೊಡೋರು ಎಲ್ಲಿ ಸಿಗಬೇಕು? ಇಂಟರ್‌ನೆಟ್ ಇಲ್ಲ, ವಿಡಿಯೋ ಇಲ್ಲ, ಸ್ವರ ಬರೆದ ಪುಸ್ತಕ ಸಿಗೋದೂ ಅಪರೂಪ. 1955ರಿಂದ ವಾಯ್ಸ್ ಆಫ್ ಅಮೆರಿಕ ರೇಡಿಯೋದಲ್ಲಿ ವಿಲ್ಲಿಸ್ ಕಾನೊವರ್ ನಡೆಸುತ್ತಿದ್ದ ಜಾಝ್ ಕಾರ್ಯಕ್ರಮ ಶಾರ್ಟ್‌ವೇವ್‌ನಲ್ಲಿ ಜಗತ್ತಿಗೆಲ್ಲಾ ಹೋಗುತ್ತಿತ್ತು. ಬಿಟ್ಟರೆ ರೆಕಾರ್ಡು.

ರೆಕಾರ್ಡಿನಿಂದ ಕಲಿಯೋದು ಎಷ್ಟು ತ್ರಾಸು ಅನ್ನೋದನ್ನ ಈಗಿನವರಿಗೆ ಹೇಳಬೇಕು. ಹಳೇ 78ರ ಪ್ಲೇಟಿನ ಒಂದು ಬದಿ ಓಡೋದು ಸುಮಾರು ಮೂರು ನಿಮಿಷ. ಅದರೊಳಗೆ ಗಿಟಾರ್ ಒಂಟಿಯಾಗಿ ಬರೋದು ಕೆಲವೇ ಸೆಕೆಂಡು. ಆ ಕೆಲವು ಸೆಕೆಂಡಿನಲ್ಲಿ ಐವತ್ತೋ ನೂರೋ ಸ್ವರ ಹಾರಿ ಹೋಗಿರುತ್ತವೆ. ಮುಳ್ಳು ಎತ್ತಿ, ಅದೇ ಗೆರೆಗೆ ಮತ್ತೆ ಇಟ್ಟು, ನಾಲ್ಕು ಸ್ವರ ಹಿಡಿದು, ಗಿಟಾರ್ ಮೇಲೆ ಹುಡುಕಿ, ಮತ್ತೆ ಮುಳ್ಳು ಎತ್ತಬೇಕು. ಕೆಲವು ಪ್ಲೇಯರ್‌ಗಳಲ್ಲಿ ವೇಗ ಕಡಿಮೆ ಮಾಡೋ ಗುಂಡಿ ಇರುತ್ತಿತ್ತು. ಅರ್ಧ ವೇಗಕ್ಕೆ ಇಳಿಸಿದರೆ ಸ್ವರಗಳು ಒಂದು ಸಪ್ತಕ ಕೆಳಗೆ ಇಳಿದು ಬಿಡಿಬಿಡಿಯಾಗಿ ಕೇಳಿಸುತ್ತಿದ್ದವು. ಜಗತ್ತಿನ ಎಷ್ಟೋ ಜಾಝ್ ಕಲಾವಿದರು ಕಲಿತದ್ದು ಹಿಂಗೇ. ಪ್ಲೇಟು ಸವೆದು ಕರಕರ ಅಂತಿದ್ದರೂ ಬಿಡುತ್ತಿರಲಿಲ್ಲ.

ಹಂಗೆ ಕಲಿತವರಿಗೆ ಒಂದು ಲಾಭ ಇರುತ್ತೆ. ಒಂದೊಂದು ಸ್ವರವೂ ಕಿವಿಯಿಂದ ಬಂದದ್ದು, ಯಾಕೆ ಅದು ಅಲ್ಲಿ ಬಂತು ಅನ್ನೋದನ್ನ ತಾವೇ ತಿಣುಕಿ ಕಂಡುಕೊಂಡದ್ದು. ಮುಂದೆ ಇನ್ನೊಬ್ಬರಿಗೆ ಬಿಡಿಸಿ ಹೇಳುವಾಗ ಅದು ಕೆಲಸಕ್ಕೆ ಬರುತ್ತೆ.

ಪಾರ್ಕ್ ಸ್ಟ್ರೀಟಿನ ಬೆಳಕು

ಮದ್ರಾಸಿನಲ್ಲಿ ಕೆಲಕಾಲ ನುಡಿಸಿದ ಕಿಟ್ಟೊ 1970ರ ದಶಕದ ಆರಂಭದಲ್ಲಿ ಕೋಲ್ಕತ್ತಾ ಸೇರಿದರು. ಯಾಕೆ ಕೋಲ್ಕತ್ತಾ? ಆಗ ದೇಶದಲ್ಲಿ ಜಾಝ್ ನುಡಿಸಿ ಸಂಬಳ ತಗೊಳ್ಳಬಹುದಾದ ಊರುಗಳೇ ಬೆರಳೆಣಿಕೆಯಷ್ಟು, ಅದರಲ್ಲಿ ಮುಂದಿದ್ದದ್ದು ಕೋಲ್ಕತ್ತಾದ ಪಾರ್ಕ್ ಸ್ಟ್ರೀಟ್.

ಒಂದೇ ರಸ್ತೆ. ಅದರ ಉದ್ದಕ್ಕೂ ಮೊಕಾಂಬೊ, ಟ್ರಿಂಕಾಸ್, ಬ್ಲೂ ಫಾಕ್ಸ್, ಮೂಲಾ ರೂಜ್ ಅಂತ ಹೋಟೆಲುಗಳು. ಊಟದ ಹೊತ್ತಿಗೆ ಅಲ್ಲೆಲ್ಲಾ ಎದುರಿಗೇ ಕೂತು ನುಡಿಸೋ ಬ್ಯಾಂಡ್. ನಮ್ಮವರಿಗೆಲ್ಲಾ ಗೊತ್ತಿರೋ ಉಷಾ ಉತ್ತುಪ್, ಸೀರೆ ಉಟ್ಟು, ದೊಡ್ಡ ಬಿಂದಿ ಇಟ್ಟು ಟ್ರಿಂಕಾಸ್‌ನಲ್ಲಿ ಹಾಡೋಕೆ ಶುರು ಮಾಡಿದ್ದು 1969ರಲ್ಲಿ. ಬ್ಲೂ ಫಾಕ್ಸ್‌ನಲ್ಲಿ ಪ್ಯಾಮ್ ಕ್ರೇನ್ ಅನ್ನೋ ಗಾಯಕಿ, ಪಿಯಾನೋಕ್ಕೆ ಲೂಯಿಸ್ ಬ್ಯಾಂಕ್ಸ್, ಸ್ಯಾಕ್ಸೊಫೋನಿಗೆ ಗೋವಾದ ಬ್ರಾಜ್ ಗೊನ್ಸಾಲ್ವಿಸ್. ಲೂಯಿಸ್ ಬ್ಯಾಂಕ್ಸ್ ಅಂದ್ರೆ ಯಾರು ಅಂತ ಕೇಳಬಹುದು. 1988ರಲ್ಲಿ ದೂರದರ್ಶನದಲ್ಲಿ ಬರ್ತಿದ್ದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಹಾಡಿನ ಸಂಗೀತದಲ್ಲಿ ಕೈಯಿದ್ದವರು ಅವರೇ.

ಕೋಲ್ಕತ್ತಾದ ಜಾಝ್ ಇನ್ನೂ ಹಳೆಯದು. ಟೆಡ್ಡಿ ವೆದರ್‌ಫೋರ್ಡ್ ಅನ್ನೋ ಅಮೆರಿಕದ ಪಿಯಾನೋ ವಾದಕ ಯುದ್ಧದ ವರ್ಷಗಳಲ್ಲಿ ಅಲ್ಲಿನ ಗ್ರ್ಯಾಂಡ್ ಹೋಟೆಲಿನಲ್ಲಿ ತಂಡ ನಡೆಸಿ, 1945ರಲ್ಲಿ ಕಾಲರಾ ಬಂದು ಅದೇ ಊರಲ್ಲಿ ಸತ್ತರು. ಅದೇ ಗ್ರ್ಯಾಂಡ್ ಹೋಟೆಲು ಮುಂದೆ ಒಬೆರಾಯ್ ಗ್ರ್ಯಾಂಡ್ ಆಯಿತು. ಕಿಟ್ಟೊ ಅಲ್ಲಿನ ಚೌರಂಗಿ ಬಾರ್‌ನಲ್ಲಿ ಗಿಟಾರ್ ಹಿಡಿದು ಕೂತರು.

ಹೋಟೆಲಿನಲ್ಲಿ ನುಡಿಸೋದನ್ನ ಕಡಿಮೆ ಕೆಲಸ ಅಂತ ನೋಡೋರು ಇದ್ದಾರೆ. ನೋಡಿದರೆ ದಿನಾ ಸಂಜೆ ಎರಡು ಮೂರು ತಾಸು, ಕೇಳಿದರೂ ಕೇಳದಿದ್ದರೂ, ಬೇರೆಯವರ ಜೊತೆ ಕೂತು ನುಡಿಸೋದಕ್ಕಿಂತ ಗಟ್ಟಿ ರಿಯಾಜ್ ಇನ್ನೊಂದಿಲ್ಲ. ಮದುವೆ, ದೊಡ್ಡಾಟ ಅಂತ ರಾತ್ರಿಯಿಡೀ ಪೇಟಿ ಹಿಡಿದ ನಮ್ಮ ಕಡೆಯ ಮಾಸ್ತರುಗಳನ್ನ ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ.

ಬೆಳಕು ಆರಿದಾಗ ಉಳಿದವರು

ಪಾರ್ಕ್ ಸ್ಟ್ರೀಟಿನ ಭರ್ಜರಿ ಕಾಲ ಬಹಳ ದಿನ ಇರಲಿಲ್ಲ. 60ರ ದಶಕದ ಕೊನೆಯಿಂದ ನಕ್ಸಲ್ ಚಳವಳಿಯ ಗಲಾಟೆ. ರಾತ್ರಿ ಹೊರಗೆ ಬರೋಕೆ ಜನ ಅಂಜಿದರು. ಕಾರ್ಖಾನೆಗಳು, ಕಂಪನಿಗಳು ಊರು ಬಿಟ್ಟವು, ಅವುಗಳ ಜೊತೆ ಹೋಟೆಲಿಗೆ ಬರೋ ದುಡ್ಡಿದ್ದ ಗಿರಾಕಿಗಳೂ ಹೋದರು. ತಾಸುಗಟ್ಟಲೆ ಕರೆಂಟ್ ತೆಗೆಯೋದು ಕೋಲ್ಕತ್ತಾದ ದಿನಚರಿ ಆಯಿತು. ಇದರ ಮೇಲೆ, ಬ್ಯಾಂಡ್ ಇಟ್ಟುಕೊಂಡ ಹೋಟೆಲಿಗೆ ಭಾರೀ ಮನರಂಜನಾ ತೆರಿಗೆ.

ಕೊನೆಯದ್ದು ಅಂಗಡಿಕಾರರಿಗೆ ಬೇಗ ಅರ್ಥ ಆಗೋ ಲೆಕ್ಕ. ಐದು ಮಂದಿ ವಾದ್ಯಗಾರರಿಗೆ ದಿನಾ ಪಗಾರ ಕೊಡಬೇಕು, ಅವರು ನುಡಿಸುತ್ತಾರೆ ಅಂತ ಊಟದ ಬಿಲ್ಲಿನ ಮೇಲೆ ತೆರಿಗೆ ಹಾಕಬೇಕು, ತೆರಿಗೆ ನೋಡಿ ಗಿರಾಕಿ ಬೇರೆ ಹೋಟೆಲಿಗೆ ಹೋಗಬೇಕು. ಟೇಪ್ ರೆಕಾರ್ಡರ್ ಹಚ್ಚಿದರೆ ಇದ್ಯಾವುದೂ ಇಲ್ಲ. ಮಾಲೀಕರು ಏನು ಮಾಡಿದರು ಅನ್ನೋದನ್ನ ಹೇಳಬೇಕಿಲ್ಲ. ಒಂದಾದ ಮೇಲೊಂದು ಜಾಗದಲ್ಲಿ ಬ್ಯಾಂಡ್ ನಿಂತವು.

ವಾದ್ಯಗಾರರಲ್ಲಿ ಬಹಳ ಜನ ಊರು ಬಿಟ್ಟರು. ಕೆಲವರು ಪರದೇಶಕ್ಕೆ ಹೋದರು. ಲೂಯಿಸ್ ಬ್ಯಾಂಕ್ಸ್ ಮುಂಬೈ ಸೇರಿದರು. ಆರ್.ಡಿ. ಬರ್ಮನ್ ಸೆಳೆತ, ಸಿನಿಮಾ ಮತ್ತು ಜಾಹೀರಾತಿನ ಸಂಗೀತ ಅಲ್ಲಿತ್ತು. ಅದರಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದ್ದದ್ದೇ. ನಮ್ಮ ಹಿಂದಿ ಸಿನಿಮಾ ಹಾಡುಗಳು ಅಷ್ಟು ಸೊಗಸಾಗಿ ಕೇಳೋದಕ್ಕೆ ಹಿಂಗೆ ಬಂದ ಜಾಝ್ ಕಲಾವಿದರೇ ಅರ್ಧ ಕಾರಣ. 1951ರ ‘ಅಲ್ಬೇಲಾ’ದಲ್ಲಿ ಸಿ. ರಾಮಚಂದ್ರ ಅವರ ಹಾಡುಗಳ ಹಿಂದೆ ಗೋವಾದ ಚಿಕ್ ಚಾಕೊಲೇಟ್ ಅನ್ನೋ ಟ್ರಂಪೆಟ್ ವಾದಕ ಇದ್ದರು, ತಂಡದ ಸಮೇತ ತೆರೆ ಮೇಲೂ ಕಾಣಿಸಿಕೊಂಡರು. ಸೆಬಾಸ್ಟಿಯನ್ ಡಿಸೋಜಾ, ಆಂತೋನಿ ಗೊನ್ಸಾಲ್ವಿಸ್ ಇವರೆಲ್ಲಾ ವಾದ್ಯಗೋಷ್ಠಿ ಬರೆದುಕೊಟ್ಟವರು. ಹಾಡು ನಾವು ಗುನುಗುತ್ತೇವೆ, ಇವರ ಹೆಸರು ಮಾತ್ರ ಪೋಸ್ಟರಿನಲ್ಲಿ ಇರುತ್ತಿರಲಿಲ್ಲ.

ಕಿಟ್ಟೊ ಕೋಲ್ಕತ್ತಾದಲ್ಲೇ ಉಳಿದರು. ನುಡಿಸೋದನ್ನೂ ಬದಲಿಸಲಿಲ್ಲ. ರಾಕ್ ಬಂತು, ಡಿಸ್ಕೊ ಬಂತು, ಅವರದ್ದು ಬೀಬಾಪ್. ಕ್ರಿಶ್ಚಿಯನ್, ಪಾರ್ಕರ್ ಹಾಕಿಕೊಟ್ಟ ಹಾದಿಯಲ್ಲಿ ಸಾಕಿದ ಸ್ವರಗಳನ್ನ ತಮ್ಮ ತಂಡ ಕಟ್ಟಿಕೊಂಡು ನುಡಿಸುತ್ತಾ ಹೋದರು. ಬೀಬಾಪ್ ಗಿಟಾರ್ ಅಂದ್ರೆ ದೇಶದಲ್ಲಿ ಕಾರ್ಲ್ಟನ್ ಕಿಟ್ಟೊ ಅನ್ನೋ ಮಾತು ಹಂಗೆ ಬಂದದ್ದು.

ಇದರಲ್ಲಿ ಹಟವೂ ಇದೆ ಅಂತ ಯಾರಾದರೂ ಅಂದರೆ ತಪ್ಪಲ್ಲ. ಕಾಲಕ್ಕೆ ತಕ್ಕಂತೆ ಬದಲಾಗಿದ್ದರೆ ದುಡ್ಡು, ಹೆಸರು ಹೆಚ್ಚು ಬರುತ್ತಿತ್ತೇನೊ. ಆದರೆ ಅವರೂ ಬಿಟ್ಟಿದ್ದರೆ ಆ ಊರಿನ ಮುಂದಿನ ಪೀಳಿಗೆ ಈ ವಿದ್ಯೆ ಕಲಿಯೋಕೆ ಮತ್ತೆ ಸವೆದ ಪ್ಲೇಟಿನ ಹತ್ತಿರವೇ ಹೋಗಬೇಕಿತ್ತು.

ಕಲಿಸಿದ್ದು ಏನು?

ಕೋಲ್ಕತ್ತಾದಲ್ಲಿ 1915ರಲ್ಲಿ ಫಿಲಿಪ್ ಸಾಂದ್ರೆ ಅನ್ನೋರು ಸ್ಥಾಪಿಸಿದ ಕಲ್ಕತ್ತಾ ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿಸೋ ಹಳೇ ಶಾಲೆ. ಕಿಟ್ಟೊ ಅಲ್ಲಿ ಗಿಟಾರ್ ಮಾಸ್ತರರಾಗಿದ್ದರು.

ಗಿಟಾರ್ ಕಲಿಯೋಕೆ ಬರೋ ಹುಡುಗರಲ್ಲಿ ಬಹಳ ಜನಕ್ಕೆ ಬೇಕಾದದ್ದು ನಾಲ್ಕು ಕಾರ್ಡ್, ಎರಡು ಸಿನಿಮಾ ಹಾಡು. ಕೋಲ್ಕತ್ತಾ ಆದರೂ ಅಷ್ಟೇ, ರಾಯಚೂರಾದರೂ ಅಷ್ಟೇ. ಜಾಝ್ ಗಿಟಾರ್ ಬೇಡೋದು ಬೇರೆ ಥರದ ದುಡಿಮೆ. ಒಂದೇ ಕಾರ್ಡನ್ನ ಗಿಟಾರಿನ ಹಿಡಿಯುದ್ದಕ್ಕೂ ಐದಾರು ಜಾಗದಲ್ಲಿ ಹಿಡಿಯಲು ಬರಬೇಕು. ಹಾಡುವವರ ಹಿಂದೆ ನುಡಿಸುವಾಗ ಎಷ್ಟು ನುಡಿಸಬೇಕು, ಎಲ್ಲಿ ಸುಮ್ಮನಿರಬೇಕು ಅನ್ನೋದು ಗೊತ್ತಿರಬೇಕು. ತಾಳದಲ್ಲಿ ‘ಸ್ವಿಂಗ್’ ಅಂತ ಒಂದಿದೆ: ಒಂದು ಮಾತ್ರೆಯನ್ನ ಎರಡು ಸಮಪಾಲು ಮಾಡದೆ, ಮೊದಲನೆಯದನ್ನ ಉದ್ದ, ಎರಡನೆಯದನ್ನ ಗಿಡ್ಡ ಮಾಡೋದು. ಟಾಂಗಾ ಕುದುರೆ ಓಡುವಾಗಿನ ಲಾಳದ ಸಪ್ಪಳದ ಥರ. ಎಷ್ಟು ಉದ್ದ, ಎಷ್ಟು ಗಿಡ್ಡ ಅನ್ನೋದಕ್ಕೆ ಲೆಕ್ಕ ಬರೆದುಕೊಡೋಕೆ ಆಗಲ್ಲ. ಬಲ್ಲವರ ಪಕ್ಕ ಕೂತು, ಅವರ ಕೈ ನೋಡಿ, ಜೊತೆಗೆ ನುಡಿಸಿಯೇ ಬರಬೇಕು.

ಸ್ವರ ಬರೆಯಬಹುದು, ಕಾರ್ಡಿನ ಹೆಸರು ಬರೆಯಬಹುದು, ಈಗಂತೂ ಎಲ್ಲಾ ಫೋನಲ್ಲಿ ಸಿಗುತ್ತೆ. ಆದರೆ ನುಡಿಸೋರು ತಪ್ಪಿದಾಗ ‘ಅಲ್ಲಲ್ಲ, ಇನ್ನೊಮ್ಮೆ’ ಅನ್ನೋ ಒಬ್ಬ ಮಾಸ್ತರು ಎದುರಿಗಿರಬೇಕು. ನಮ್ಮ ಕಡೆಯವರಿಗೆ ಇದು ಹೊಸ ಮಾತಲ್ಲ.

ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ಅವರ ಶಿಷ್ಯರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಆ ಸಾಲಿನಲ್ಲೇ ಮಾನ್ವಿಯ ಜಗನ್ನಾಥದಾಸರು. ಮೂರು ಊರು ಬಸ್ಸಿನಲ್ಲಿ ಒಂದು ದಿನದಲ್ಲಿ ಸುತ್ತಿ ಬರಬಹುದಾದಷ್ಟು ಹತ್ತಿರ. ದಾಸರ ಪದ ಇವತ್ತಿಗೂ ನಮ್ಮ ಮನೆಗಳಲ್ಲಿ ಉಳಿದಿದ್ದರೆ ಅದಕ್ಕೆ ಕಾರಣ ಈ ಗುರು ಶಿಷ್ಯರ ಕೊಂಡಿ. ಇನ್ನೂ ಈಚೆಗೆ ಬಂದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಅವರು 1944ರಲ್ಲಿ ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರ ತನಕ ಅದನ್ನ ನಡೆಸಿದರು. ರಾಯಚೂರಿನ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಆ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರೂ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ.

ಕಿಟ್ಟೊ ಅವರಿಗೆ ಆಶ್ರಮ ಇರಲಿಲ್ಲ, ಮಠ ಇರಲಿಲ್ಲ, ಹಿಂದೆ ನಿಲ್ಲೋ ಭಕ್ತರೂ ಇರಲಿಲ್ಲ. ಪರದೇಶದ ಸಂಗೀತ ಅಂತ ಸರ್ಕಾರ, ಅಕಾಡೆಮಿಗಳ ಕಣ್ಣಿಗೆ ಬೀಳೋದೂ ಕಷ್ಟ. ದಂಧೆಯಾಗಿ ನೋಡಿದರೆ ಅವರ ಹತ್ತಿರ ಇದ್ದದ್ದು ಹೋಟೆಲಿನ ಪಗಾರ, ಪಾಠದ ಫೀಜು. ಅದರ ಮೇಲೇ ಕೊನೆ ತನಕ ನಡೆಸಿದರು. ಈಗ ಕೋಲ್ಕತ್ತಾದಲ್ಲಿ ಜಾಝ್ ಗಿಟಾರ್ ನುಡಿಸೋರ ನಡುವೆ ಅವರ ಕೈಯಲ್ಲಿ ಪಳಗಿದವರು, ಅವರನ್ನ ಎದುರು ಕೂತು ಕೇಳಿ ಬೆಳೆದವರು ಇದ್ದಾರೆ.

ಸಿನಿಮಾ ಮಾಡಿದವರು ಹುಡುಕಿಕೊಂಡು ಹೋದರು

ಕಿಟ್ಟೊ ಹೆಸರು ಕೋಲ್ಕತ್ತಾದ ಆಚೆ ಹರಡಿದ್ದಕ್ಕೆ ಒಂದು ಸಾಕ್ಷ್ಯಚಿತ್ರ ಕಾರಣ. ಸುಶೀಲ್ ಕುರಿಯನ್ ಅನ್ನೋ ನಿರ್ದೇಶಕರು ಭಾರತದಲ್ಲಿ ಜಾಝ್ ಹೆಂಗೆ ಬಂತು, ಎಲ್ಲಿ ಹೋಯಿತು ಅಂತ ಹುಡುಕುತ್ತಾ ಹೋಗಿ ‘ಫೈಂಡಿಂಗ್ ಕಾರ್ಲ್ಟನ್’ ಅನ್ನೋ ಚಿತ್ರ ಮಾಡಿದರು. 2011–12ರ ಹೊತ್ತಿಗೆ ಅದು ದೇಶ, ಪರದೇಶಗಳಲ್ಲಿ ತೆರೆ ಕಂಡಿತು. ಚಿತ್ರದ ಹೆಸರೇ ‘ಕಾರ್ಲ್ಟನ್ ಸಿಕ್ಕರು’ ಅನ್ನೋ ಥರ ಇದೆ. ಅವರು ಎಲ್ಲೂ ಕಳೆದುಹೋಗಿರಲಿಲ್ಲ, ದಿನಾ ನುಡಿಸುತ್ತಲೇ ಇದ್ದರು. ನೋಡದೆ ಇದ್ದದ್ದು ಉಳಿದವರು.

ಚಿತ್ರ ಬಂದು ನಾಲ್ಕೈದು ವರ್ಷಕ್ಕೆ ಅವರು ತೀರಿಕೊಂಡರು. ಬದುಕಿದ್ದಾಗಲೇ ಯಾರೋ ಒಬ್ಬರು ಕ್ಯಾಮೆರಾ ಹಿಡಿದು ಹೋಗಿ ಅವರನ್ನ ನುಡಿಸಿ, ಮಾತಾಡಿಸಿ ಇಟ್ಟುಕೊಂಡದ್ದು ದೊಡ್ಡ ಉಪಕಾರವೇ. ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಪೇಟಿ ಮಾಸ್ತರುಗಳು, ಶಹನಾಯಿ ನುಡಿಸೋರು, ತತ್ವಪದ ಹಾಡೋರು ಒಂದು ನಿಮಿಷದ ರೆಕಾರ್ಡಿಂಗೂ ಇಲ್ಲದೆ ಹೋದರು ಅನ್ನೋದು ಆಯಾ ಊರವರಿಗೇ ಗೊತ್ತು. ಈಗ ಎಲ್ಲರ ಜೇಬಲ್ಲೂ ಕ್ಯಾಮೆರಾ ಇರೋ ಫೋನ್ ಇದೆ. ಡಿಜೆ ಬಂದ ಮೇಲೆ ಮದುವೆ ಮೆರವಣಿಗೆಯಲ್ಲಿ ಬ್ಯಾಂಡ್‌ನವರನ್ನ ಕರೆಯೋದು ಕಡಿಮೆ ಆಗಿದೆ. ಪಾರ್ಕ್ ಸ್ಟ್ರೀಟ್ ಹೋಟೆಲಿನವರು ಟೇಪ್ ಹಚ್ಚಿದ ಲೆಕ್ಕವೇ ಇಲ್ಲೂ ನಡೀತಿದೆ. ಒಂದು ವಾಹನಕ್ಕೆ ಕೊಡೋ ಬಾಡಿಗೆ, ಹತ್ತು ಮಂದಿಯ ಕೂಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು ಮದುವೆ ಮನೆಯವರಿಗೆ ಅನಿವಾರ್ಯ. ಬೈದು ಪ್ರಯೋಜನ ಇಲ್ಲ. ಕೆಲಸ ಕಳೆದುಕೊಂಡ ಆ ಹತ್ತು ಮಂದಿ ಹತ್ತಿರ ಯಾರಾದರೂ ಹುಡುಗರು ಕಲಿಯುತ್ತಿದ್ದಾರಾ ಅನ್ನೋದು ಮಾತ್ರ ಕೇಳಬೇಕಾದ ಪ್ರಶ್ನೆ.

ಕೇಳಬೇಕು ಅನ್ನೋರಿಗೆ

ಜಾಝ್ ಮೊದಲ ಸಲ ಕೇಳಿದಾಗ ಬಹಳ ಮಂದಿಗೆ ಗದ್ದಲ ಅನ್ನಿಸುತ್ತೆ. ಅದು ಸಹಜ. ಒಮ್ಮೆಲೇ ಬೀಬಾಪ್‌ಗೆ ಹೋಗೋ ಬದಲು ಚಾರ್ಲಿ ಕ್ರಿಶ್ಚಿಯನ್ ಅವರು ಬೆನ್ನಿ ಗುಡ್‌ಮನ್ ತಂಡದ ಜೊತೆ 1939ರಿಂದ 1941ರ ನಡುವೆ ನುಡಿಸಿದ್ದನ್ನ ಹುಡುಕಿ ಕೇಳಬಹುದು. ‘ಸೋಲೊ ಫ್ಲೈಟ್’ ಅನ್ನೋದು ಅದರಲ್ಲೊಂದು, ಗಿಟಾರ್ ಮುಂದೆ, ಇಡೀ ತಂಡ ಹಿಂದೆ. ಯೂಟ್ಯೂಬ್‌ನಲ್ಲಿ ಸಿಗುತ್ತೆ. ಆಮೇಲೆ ಕಾರ್ಲ್ಟನ್ ಕಿಟ್ಟೊ ಹೆಸರು ಇಂಗ್ಲಿಷ್‌ನಲ್ಲಿ ಹಾಕಿ ಹುಡುಕಿದರೆ ಅವರು ನುಡಿಸಿದ ತುಣುಕುಗಳೂ ಸಿಗುತ್ತವೆ.

ಕೇಳುವಾಗ ಗಿಟಾರಿನ ಹಿಂದೆ ಓಡಬೇಡಿ, ಮೊದಲು ಕೆಳಗಿನ ದಪ್ಪ ದನಿಯ ಬಾಸ್ ವಾದ್ಯ ಹಿಡಿಯಿರಿ. ಅದರ ನಡಿಗೆಗೆ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ಹೋಗಿ. ಎರಡಕ್ಕೆ, ನಾಲ್ಕಕ್ಕೆ ಚಪ್ಪಾಳೆ ಹೊಡೆಯಿರಿ, ಒಂದಕ್ಕೆ ಬೇಡ. ನಮ್ಮ ಭಜನೆಯ ಕೈ ರೂಢಿ ಇದ್ದವರಿಗೆ ಮೊದಲಿಗೆ ತಪ್ಪುತ್ತೆ. ನಾಲ್ಕೈದು ಸಲಕ್ಕೆ ಕೂಡಿಬರುತ್ತೆ, ಆಗ ಮೇಲೆ ಗಿಟಾರ್ ಏನು ಮಾಡ್ತಿದೆ ಅನ್ನೋದು ತಾನಾಗಿ ಕೇಳಿಸೋಕೆ ಶುರುವಾಗುತ್ತೆ.